ತಪಸ್ಸುಕಾಲದ ಉಪ್ಪುಕಂಡ

ನಮ್ಮ ಅಡುಗೆಮನೆಯ ಗೋಡೆಗಳಲ್ಲಿರುವ ಎರಡು ಮೊಳೆಗಳ ದೆಸೆಯಿಂದ ಮೊನ್ನೆ ಪೇಂಟರ್ ಮಂಜನಿಗೂ ನನಗೂ ಸಣ್ಣ ಜಟಾಪಟಿ ನಡೆಯಿತು. ಅವನು ಕ್ಯಾತನಹಳ್ಳಿಯವನು, ಕೆಲಸದಲ್ಲಿ ಅಚ್ಚುಕಟ್ಟು. ಹಿಂದೆ ಸೌದೆ ಒಲೆ ಇದ್ದ ಜಾಗದಲ್ಲಿ ಈಗ ಗ್ಯಾಸು ಕೂತಿದೆ, ಅದರ ಮೇಲೆ ಈ ಗೋಡೆಗೊಂದು ಆ ಗೋಡೆಗೊಂದು ತುಕ್ಕು ಹಿಡಿದ ಮೊಳೆ. ಮಂಜ ಇಕ್ಕಳ ಹಿಡಿದು ನಿಂತಿದ್ದ.

"ಟೀಚರಮ್ಮ, ಇವೆರಡ್ನೂ ಕಿತ್ತಾಕ್ಬುಡ್ತೀನಿ. ಪುಟ್ಟಿ ಎಳುದ್ರೆ ಗೋಡೆ ಕನ್ನಡಿ ಅಂಗಾಯ್ತದೆ" ಅಂದ.

"ಕೀಳಬೇಡ" ಅಂದೆ.

"ಏನ್ ನೇತಾಕ್ತೀರಾ ಇದುಕ್ಕೆ?"

"ಬಾಡು."

ಮಂಜ ನನ್ನನ್ನೊಮ್ಮೆ, ಗೋಡೆಯ ಮೇಲಿನ ಯೇಸುವಿನ ಪಟವನ್ನೊಮ್ಮೆ ನೋಡಿದ. "ನೀವು ಈಗ ಉಪಾಸ ಇರೋರಲ್ವ್ರಾ?" ಅಂದ.

ನಾನು ಉಪವಾಸ ಇರುವವಳೆಂಬುದು ಕ್ಯಾತನಹಳ್ಳಿಗೂ ಗೊತ್ತು. ಗೊತ್ತಾಗದೆ ಇರಲು ನಾನು ಬಿಟ್ಟರೆ ತಾನೆ!

ನಮ್ಮ ಕಡೆ ಕ್ರೈಸ್ತರು ಬೆರಳೆಣಿಕೆಯ ಮನೆಯವರು. ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗುವ ಬಸ್ಸಿನ ದಾರಿಯಲ್ಲಿರುವ ನಮ್ಮೂರಿನಲ್ಲಂತೂ ಈಗ ನಮ್ಮದೊಂದೇ ಮನೆ. ಆದರೆ ಪಾಸ್ಕಕ್ಕೆ, ಅಂದರೆ ಈಸ್ಟರಿಗೆ, ಮುಂಚಿನ ನಲವತ್ತು ದಿನದ ತಪಸ್ಸುಕಾಲ ಬಂತೆಂದರೆ ಸುತ್ತಲ ನಾಲ್ಕು ತಾಲ್ಲೂಕಿನ ಭಕ್ತಾದಿಗಳು ಮಾಡುವ ಸದ್ದು ಲಕ್ಷ ಜನರಷ್ಟಿರುತ್ತದೆ. ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಬೂದಿ ಬಿದ್ದು ಅರ್ಧ ಗಂಟೆಯಾಗಿರುವುದಿಲ್ಲ, ವಾಟ್ಸಾಪ್ ಗುಂಪಿನಲ್ಲಿ ಬೂದಿ ಬಳಿದ ಹಣೆಗಳ ಮೆರವಣಿಗೆ ಹೊರಡುತ್ತದೆ. ಉಪವಾಸ ಇರುವವರು ಊರಿಗೆಲ್ಲ ಕಾಣುವಂತೆ ಇರಬಾರದೆಂದು ಅವತ್ತಿನ ಪೂಜೆಯಲ್ಲೇ ಓದಿರುತ್ತಾರೆ. ಓದಿದವರೇ ಮೊದಲು ಫೋಟೋ ಹಾಕುತ್ತಾರೆ.

ಆಮೇಲೆ ತ್ಯಾಗಗಳ ಹರಾಜು. ಒಬ್ಬರು ನಲವತ್ತು ದಿನ ಸಕ್ಕರೆ ಬಿಟ್ಟೆ ಅನ್ನುತ್ತಾರೆ. ಡಾಕ್ಟರು ಅದನ್ನು ಮೂರು ವರ್ಷದ ಹಿಂದೆಯೇ ಬಿಡಿಸಿರುತ್ತಾರೆ. ಇನ್ನೊಬ್ಬರು ಸೀರಿಯಲ್ಲು ಬಿಟ್ಟೆ ಅನ್ನುತ್ತಾರೆ. ಪಾಸ್ಕ ಹಬ್ಬದ ಮಾರನೇ ದಿನ ನಲವತ್ತು ದಿನದ ಕಂತನ್ನು ಮೊಬೈಲಿನಲ್ಲಿ ಒಟ್ಟಿಗೆ ನೋಡಿ ಕಣ್ಣು ಊದಿಸಿಕೊಳ್ಳುತ್ತಾರೆ. ನಮ್ಮ ಇನ್ನಾಸಪ್ಪ ಪ್ರತಿ ವರ್ಷ ಕುಡಿತ ಬಿಟ್ಟು, ಎಷ್ಟನೇ ದಿನವಾಯಿತೆಂದು ದಿನಾ ಬೆಳಿಗ್ಗೆ ಗುಂಪಿಗೆ ವರದಿ ಒಪ್ಪಿಸುತ್ತಾನೆ. ಪಾಸ್ಕದ ದಿನ ಕ್ರಿಸ್ತರು ಎದ್ದ ಹೊತ್ತಿಗೆ ಸರಿಯಾಗಿ ಇನ್ನಾಸಪ್ಪ ಬೀಳುತ್ತಾನೆ. ಇನ್ನು ಮಾಂಸ ಬಿಟ್ಟವರ ಮನೆಯ ಅಣಬೆಗೂ ಸೋಯಾ ಉಂಡೆಗೂ ಬೀಳುವ ಮಸಾಲೆ ನೋಡಿದರೆ ಕುರಿಗೇ ಹೊಟ್ಟೆಕಿಚ್ಚಾಗಬೇಕು. ಪಾಂಡವಪುರ ಬಸ್ ಸ್ಟ್ಯಾಂಡಿನ ಗೋಬಿ ಗಾಡಿಯವನಿಗೆ ತಪಸ್ಸುಕಾಲ ಯಾವತ್ತು ಶುರು ಅನ್ನುವುದು ಬಿಷಪ್ಪರಿಗಿಂತ ಚೆನ್ನಾಗಿ ಗೊತ್ತಿದೆ.

ಇಷ್ಟೆಲ್ಲ ಆಡಿಕೊಳ್ಳುವ ನಾನೇನು ಕಡಿಮೆಯವಳಲ್ಲ. ಬೆಳಿಗ್ಗೆ ಐದಕ್ಕೆ ಸರಿಯಾಗಿ ಒಂದು ಗುಲಾಬಿ, ಒಂದು ಪಾರಿವಾಳ, ಒಂದು ವಾಕ್ಯ, ಕೆಳಗೆ 'ನಿಮ್ಮ ರೀಟಾ ಟೀಚರ್' ಎಂದು ಹಾಕಿ ನೂರಾರು ಜನರ ನಿದ್ದೆ ಕೆಡಿಸುವವಳು ನಾನೇ. ಯಾರು ಕೈಮುಗಿಯುವ ಗುರುತು ಹಾಕಿದರು, ಯಾರು ಹಾಕಲಿಲ್ಲವೆಂದು ಆರು ಗಂಟೆಯವರೆಗೆ ನೋಡುತ್ತ ಕೂರುವುದಕ್ಕೆ ನಾನು ಧ್ಯಾನ ಎಂದು ಹೆಸರಿಟ್ಟುಕೊಂಡಿದ್ದೆ.

ನಮ್ಮ ಅವ್ವ ಚೌರಮ್ಮನಿಗೆ ಈ ವಿದ್ಯೆ ಒಂದೂ ಬರುತ್ತಿರಲಿಲ್ಲ. ಚರ್ಚಿನ ಕಟ್ಟಳೆ ಶುಕ್ರವಾರಗಳಿಗಷ್ಟೇ ಇದ್ದರೂ ಅವಳು ನಲವತ್ತು ದಿನವೂ ಮಾಂಸ ಮುಟ್ಟುತ್ತಿರಲಿಲ್ಲ, ನಮಗೂ ಮುಟ್ಟಿಸುತ್ತಿರಲಿಲ್ಲ. ಅದರ ಜೊತೆಗೆ ತಾನೊಬ್ಬಳೇ ಇನ್ನೇನೋ ಒಂದನ್ನು ಬಿಟ್ಟಿರುತ್ತಿದ್ದಳು. ಏನು ಬಿಟ್ಟಿದ್ದಾಳೆಂದು ನಮಗೆ ತಿಳಿಯುತ್ತಿದ್ದುದು ಪಾಸ್ಕದ ದಿನ, ಅವಳು ಎಲೆಯಡಿಕೆಯನ್ನೋ ಕಾಫಿಯನ್ನೋ ಮತ್ತೆ ಬಾಯಿಗಿಟ್ಟಾಗ. ಅಷ್ಟು ದಿನ ಅವಳು ಅದನ್ನು ಮುಟ್ಟಿರಲಿಲ್ಲವೆಂದು ಆಗ ಹೊಳೆಯುತ್ತಿತ್ತು. ನಾಟಿ ಹಾಕುವಾಗ ಕೈ ಕೆಸರಾಗಿರುತ್ತಿತ್ತು, ಜಪಸರ ಹಿಡಿಯುವಂತಿರಲಿಲ್ಲ. ಪೈರಿನ ಸಾಲನ್ನೇ ಮಣಿಯ ಸಾಲು ಮಾಡಿಕೊಂಡು ಹತ್ತು ಗುಣಿಗೆ ಒಂದು ಪರಲೋಕ ಜಪ ಹೇಳಿಕೊಂಡು ಹಿಂದಕ್ಕೆ ಸರಿಯುತ್ತಿದ್ದಳು. ಪಕ್ಕದಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರು ಇವಳು ಸಾಲ ಲೆಕ್ಕ ಹಾಕುತ್ತಿದ್ದಾಳೆ ಅಂದುಕೊಂಡಿದ್ದರು.

ಈಗ ಮೊಳೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯಲ್ಲಿ ಯುಗಾದಿಯ ಮಾರನೇ ದಿನ ಹೊಸತೊಡಕು. ಯುಗಾದಿಯ ಬೇವು ಬೆಲ್ಲ ಬರೀ ನೆಪ, ಜನ ಕಾಯುವುದು ಈ ಬಾಡಿನ ದಿನಕ್ಕೆ. ಬೆಳಗಿನ ಜಾವವೇ ಹೊಂಗೆಮರದ ಕೆಳಗೆ ಕುರಿ ಕಡಿದು, ಚೀಟಿ ಹಾಕಿದ ಮನೆಗಳಿಗೆಲ್ಲ ಗುಡ್ಡೆ ಗುಡ್ಡೆಯಾಗಿ ಪಾಲು ಹಾಕುತ್ತಾರೆ. ಅವತ್ತು ಏನು ನಡೆಯುತ್ತದೋ ವರ್ಷವೆಲ್ಲ ಅದೇ ನಡೆಯುತ್ತದೆಂಬುದು ಊರಿನ ನಂಬಿಕೆ. ಅವತ್ತು ಅತ್ತರೆ ವರ್ಷವೆಲ್ಲ ಅಳು, ಅವತ್ತು ಉಂಡರೆ ವರ್ಷವೆಲ್ಲ ಊಟ. ಅಪರೂಪದ ಒಂದೊಂದು ವರ್ಷ ಬಿಟ್ಟರೆ ಈ ಹೊಸತೊಡಕು ಬಂದು ಬೀಳುವುದು ನಮ್ಮ ತಪಸ್ಸುಕಾಲದ ನಡುಮಧ್ಯಕ್ಕೆ.

ಪಕ್ಕದ ಮನೆ ಪುಟ್ಟತಾಯಮ್ಮನದು. ಗೌಡರ ಮನೆ, ನಡುವೆ ಸೊಂಟದೆತ್ತರದ ಹಿತ್ತಲ ಗೋಡೆ. ಅವ್ವನೂ ಅವಳೂ ಒಂದೇ ವರ್ಷ ಸೊಸೆಯರಾಗಿ ಈ ಬೀದಿಗೆ ಬಂದವರು. ಪುಟ್ಟತಾಯಮ್ಮನ ಅತ್ತೆ ನಮ್ಮ ಮನೆಯ ನೀರು ಮುಟ್ಟುತ್ತಿರಲಿಲ್ಲ. ಸೊಸೆ ಮಾತ್ರ ಹಿತ್ತಲ ಗೋಡೆಗೆ ಒರಗಿ ನಿಂತು ನಮ್ಮ ಮನೆಯ ಸಾರಿನಲ್ಲಿ ಮುದ್ದೆ ಉಂಡು, ಬಾಯಿ ಒರೆಸಿಕೊಂಡು ಏನೂ ಆಗದವಳ ಹಾಗೆ ಒಳಗೆ ಹೋಗುತ್ತಿದ್ದಳಂತೆ. ಮೊದಲ ಹೊಸತೊಡಕಿಗೆ ಅವಳು ತನ್ನ ಪಾಲಿನಲ್ಲಿ ಒಂದು ಭಾಗವನ್ನು ಮುತ್ತುಗದ ಎಲೆಯಲ್ಲಿ ಕಟ್ಟಿ ತಂದು ಅವ್ವನ ಕೈಗೆ ಕೊಡಹೋದಳು. ಅವ್ವ ಬೇಡವೆಂದಳು. ಅಲ್ಲೇ ಜಗಳವಾಯಿತು.

"ನಿಮ್ ದೇವ್ರು ಬ್ಯಾಡ ಅಂದ್ರೆ ನೀನು ತಿನ್ಬ್ಯಾಡ ಕಣಮ್ಮಿ. ತೊಡ್ಕಿನ ದಿನ ಕೊಟ್ಟಿದ್ದು ವಾಪಸ್ ಬಂದ್ರೆ ನಮ್ಗೆ ವರ್ಸೆಲ್ಲ ವಾಪಸ್ಸೇಯ. ನಮ್ಮತ್ತೆ ನನ್ನ ಸಿಗುದಾಕ್ತಾಳೆ" ಎಂದು ಪುಟ್ಟತಾಯಮ್ಮ ಅಳುವುದಕ್ಕೇ ಶುರುಮಾಡಿದಳಂತೆ. ಹೊಸತೊಡಕಿನ ದಿನ ಅಳುವುದು ಇನ್ನೂ ದೊಡ್ಡ ಅಪಶಕುನ. ಅವ್ವನಿಗೆ ದೇವರ ಮಾತೂ ಮುರಿಯಬಾರದು, ಗೆಳತಿಯ ವರ್ಷವೂ ಕೆಡಬಾರದು. ಎಲೆಯ ಗಂಟು ಹಿಡಿದುಕೊಂಡು ಒಳಗೆ ಹೋಗಿ ಉಪ್ಪಿನ ಮಡಕೆ ತೆಗೆದಳು.

ಮಾಂಸವನ್ನು ಉದ್ದುದ್ದ ಸೀಳಿ, ಉಪ್ಪು ಅರಿಶಿನ ಸವರಿ, ದಾರಕ್ಕೆ ಪೋಣಿಸಿ ಒಣಗಿಸಿದರೆ ಅದೇ ಉಪ್ಪುಕಂಡ. ಹಗಲು ಮಾಳಿಗೆಯ ಬಿಸಿಲು, ರಾತ್ರಿ ಒಲೆಯ ಮೇಲಿನ ಹೊಗೆ. ಅಪ್ಪ ಎರಡು ಮೊಳೆ ಹೊಡೆದುಕೊಟ್ಟ. ಪಾಸ್ಕದ ಭಾನುವಾರ ಬೆಳಿಗ್ಗೆ ಪೂಜೆ ಮುಗಿಸಿ ಬಂದ ಅವ್ವ ಉಪ್ಪುಕಂಡ ಇಳಿಸಿ, ಅವರೆಕಾಳು ಹಾಕಿ ಸಾರು ಮಾಡಿ, ಮೊದಲ ಪಾತ್ರೆ ಗೋಡೆಯಾಚೆಗೆ ದಾಟಿಸಿದಳು. ಅವರ ಹೊಸವರ್ಷದ ಬಾಡು ನಮ್ಮ ಪಾಸ್ಕದ ಸಾರಾಗಿ ಅವರ ಮನೆಗೇ ವಾಪಸ್ಸು ಹೋಯಿತು. ಅಲ್ಲಿಂದ ಮುಂದೆ ಅವ್ವ ಸಾಯುವವರೆಗೂ ಇದು ತಪ್ಪಲಿಲ್ಲ. ಮುತ್ತುಗದ ಎಲೆ ಹೋಗಿ ಪುಟ್ಟತಾಯಮ್ಮನ ಹೆಸರು ಕೊರೆಸಿದ ಸ್ಟೀಲ್ ಡಬ್ಬಿ ಬಂತು, ಅಷ್ಟೆ.

ಒಂದು ವರ್ಷ ಚರ್ಚಿಗೆ ಹೊಸದಾಗಿ ಬಂದಿದ್ದ ಸ್ವಾಮಿಯವರು ಮನೆ ಮಂತ್ರಿಸಲು ಬಂದರು. ಪಡಸಾಲೆಗೆ ತೀರ್ಥ ಚಿಮುಕಿಸಿ ಅಡುಗೆಮನೆಗೆ ಕಾಲಿಟ್ಟರೆ, ಯೇಸುವಿನ ಪಟದ ಎದುರಿಗೇ ತೋರಣದ ಹಾಗೆ ಮಾಂಸ ತೂಗುತ್ತಿದೆ. ತಪಸ್ಸುಕಾಲದ ಶುಕ್ರವಾರ ಬೇರೆ. ಸ್ವಾಮಿಯವರ ಕೈಯಲ್ಲಿದ್ದ ತೀರ್ಥದ ಕಡ್ಡಿ ಅಲ್ಲೇ ನಿಂತಿತು.

"ಇದೇನು ಚೌರಮ್ಮ?" ಅಂದರು.

"ಪಾಸ್ಕದ್ದು ಸ್ವಾಮಿ. ನಮ್ ಜೊತೆ ಅದೂ ಕಾಯ್ತಾ ಅದೆ" ಅಂದಳು ಅವ್ವ.

ಸ್ವಾಮಿಯವರು ಅದರ ಮೇಲೂ ನಾಲ್ಕು ಹನಿ ಚಿಮುಕಿಸಿದರು. ಉಪ್ಪುಕಂಡಕ್ಕೆ ನೀರು ತಾಗಿತಲ್ಲ, ಬೂಸಲು ಬಂದೀತೆಂದು ಅವರು ಹೋದ ಮೇಲೆ ಅವ್ವ ಅದನ್ನೆಲ್ಲ ಇಳಿಸಿ ಮತ್ತೆ ಒರೆಸಿ ಹಾಕಿದಳು.

ಮಾಳಿಗೆಯ ಮೇಲೆ ಕಾಗೆ ಕಾಯುವ ಕೆಲಸ ನನ್ನದು. ಒಂದು ಕೈಯಲ್ಲಿ ಹುಣಸೆಕೋಲು, ಇನ್ನೊಂದರಲ್ಲಿ ಜಪಸರ. ಶಾಲೆಯಲ್ಲಿ ಗೆಳತಿಯರ ಮುಂದೆ ನಮ್ಮ ಉಪವಾಸದ ಬಗ್ಗೆ ಭಾಷಣ ಬಿಗಿಯುತ್ತಿದ್ದ ನಾನು, ಒಂದು ಮಧ್ಯಾಹ್ನ ಆ ಬಿಸಿಲಿನಲ್ಲಿ ಬೆಚ್ಚಗಾಗಿ ಘಂ ಎನ್ನುತ್ತಿದ್ದ ದಾರದ ತುದಿಯ ಒಂದು ತುಂಡನ್ನು ಕಿತ್ತು ಹಸಿಹಸಿಯಾಗಿಯೇ ಅಗಿದು ನುಂಗಿದೆ. ಕಾಗೆ ಎತ್ತಿಕೊಂಡು ಹೋಯಿತೆಂದು ಅವ್ವನಿಗೆ ಹೇಳಿದೆ. ಅವ್ವ ನನ್ನ ಬಾಯಿಯ ಸುತ್ತ ಹತ್ತಿದ್ದ ಅರಿಶಿನವನ್ನು ಸೆರಗಿನಿಂದ ಒರೆಸಿ, "ಕಾಗೆಗೂ ಪಾಪ ನಲವತ್ ದಿನ ತಡಿಯೋದು ಕಷ್ಟ" ಅಂದಳು. ಆಮೇಲೆ ಆ ಮಾತನ್ನು ಎತ್ತಲೇ ಇಲ್ಲ. ಅವಳು ಹೊಡೆದಿದ್ದರೆ ನಾನು ಅದನ್ನು ಮರೆತುಬಿಡುತ್ತಿದ್ದೆ.

ಅವ್ವ ತೀರಿಕೊಂಡ ಮೇಲೆ ಎರಡು ಮೂರು ವರ್ಷ ನಾನೂ ಡಬ್ಬಿ ತೆಗೆದುಕೊಂಡೆ, ಒಣಗಿಸಿದೆ, ಸಾರು ಕಳಿಸಿದೆ. ಆಮೇಲೆ ನಿವೃತ್ತಿಯಾಯಿತು. ಕೈಗೆ ಬಿಡುವು ಸಿಕ್ಕಿತು, ಅದರ ಹಿಂದೆಯೇ ಭಕ್ತಿ ಬಂತು. ನಾಗಮಂಗಲದಾಚೆ ಯಾರದೋ ತೋಟದಲ್ಲಿ ಪೆಂಡಾಲು ಹಾಕಿದ್ದ ಮೂರು ದಿನದ ಧ್ಯಾನಕೂಟಕ್ಕೆ ಹೋಗಿಬಂದೆ. ಹೋಗುವಾಗ ಸಾಧಾರಣ ಪಾಪಿಯಾಗಿದ್ದವಳು ಬರುವಾಗ ಊರನ್ನೇ ಉದ್ಧಾರ ಮಾಡುವವಳಾಗಿ ಬಂದೆ. ಪಾಂಡವಪುರ, ಕೆ.ಆರ್. ಪೇಟೆ ಕಡೆಯ ಹೆಂಗಸರನ್ನು ಸೇರಿಸಿ ಪ್ರಾರ್ಥನಾ ಕೂಟ ಕಟ್ಟಿದೆ, ನಾನೇ ನಾಯಕಿಯಾದೆ. ನಾಯಕಿಗೆ ಒಂದು ಪರಾಕ್ರಮ ಬೇಕಲ್ಲ? ಹೋದ ವರ್ಷ ನಮ್ಮ ಕೂಟವನ್ನು ನಮ್ಮ ಮನೆಯಲ್ಲಿ, ಅದೂ ಹೊಸತೊಡಕಿನ ಬೆಳಿಗ್ಗೆಯೇ ಇಟ್ಟುಕೊಂಡೆ. ಊರೆಲ್ಲ ಬಾಡು ಬೇಯಿಸುವ ಹೊತ್ತಿನಲ್ಲಿ ನಾವು ಅಚಲವಾಗಿ ಪ್ರಾರ್ಥಿಸಿದರೆ ಅದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ ಎಂದು ಗುಂಪಿನಲ್ಲಿ ಬರೆದೆ. ಮೂವತ್ತೆಂಟು ಜನ ಕೈಮುಗಿದರು.

ವ್ಯಾನು ತುಂಬ ಹೆಂಗಸರು ಬಂದರು. ಪಡಸಾಲೆಯಲ್ಲಿ ಮೊಣಕಾಲೂರಿ ಕಣ್ಣು ಮುಚ್ಚಿದೆವು. ಬೀದಿಯಿಂದ ತೇಲಿಬರುತ್ತಿದ್ದ ಒಗ್ಗರಣೆಯ ವಾಸನೆಗೆ ಎಲ್ಲರ ಮೂಗೂ ತೆರೆದೇ ಇತ್ತು. ಕೆ.ಆರ್. ಪೇಟೆಯ ಒಬ್ಬಾಕೆ ದೇವರ ಹೆಸರು ಹೇಳುವ ನಡುವೆ ಎರಡು ಸಲ ಎಂಜಲು ನುಂಗಿದ್ದನ್ನು ನಾನೇ ಕೇಳಿಸಿಕೊಂಡೆ. ಆ ಹೊತ್ತಿಗೆ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಪುಟ್ಟತಾಯಮ್ಮ. ಎಂಬತ್ತು ದಾಟಿದ ಜೀವ, ಮೊಣಕಾಲು ಹಿಡಿದಿವೆ. ಗೋಡೆ ದಾಟಲಾರದೆ ಬೀದಿ ಸುತ್ತಿಕೊಂಡು ತಾನೇ ಡಬ್ಬಿ ಹೊತ್ತು ಬಂದಿದ್ದಳು.

"ತಕೋ ರೀಟವ್ವ. ಈ ಸರ್ತಿ ಮಾಂಸ ಎಳೇದು ಕನವ್ವ" ಅಂದಳು.

ಅಷ್ಟೂ ಹೆಂಗಸರು ಕಣ್ಣು ಬಿಟ್ಟರು. ಮೂವತ್ತು ಜೊತೆ ಕಣ್ಣು ಡಬ್ಬಿಯ ಮೇಲೆ, ಆಮೇಲೆ ನನ್ನ ಮೇಲೆ. ಇದು ನಮ್ಮವ್ವನ ಕಾಲದ ಪದ್ಧತಿ, ತಿನ್ನುವುದಕ್ಕಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲು ನಾಚಿಕೆಯಾಯಿತು. ಎದ್ದು ನಿಂತು, ಮೂವತ್ತೈದು ವರ್ಷ ಮಕ್ಕಳಿಗೆ ಉಕ್ತಲೇಖನ ಕೊಟ್ಟ ಅದೇ ಸ್ಪಷ್ಟ ದನಿಯಲ್ಲಿ, "ಬೇಡಮ್ಮ. ಇದು ನಮ್ಮ ತಪಸ್ಸುಕಾಲ. ಈ ದಿನಗಳಲ್ಲಿ ಮಾಂಸವನ್ನು ನಾವು ಮನೆಯೊಳಗೆ ತರುವುದಿಲ್ಲ" ಅಂದೆ. ಹಿಂದಿನಿಂದ ಯಾರೋ ಆಮೆನ್ ಅಂದರು.

ಪುಟ್ಟತಾಯಮ್ಮ ಪಡಸಾಲೆಯತ್ತ ಒಮ್ಮೆ ಕಣ್ಣು ಹಾಯಿಸಿದಳು.

"ನಿಮ್ಮವ್ವನೂ ತಿಂತಿರ್ನಿಲ್ಲ ಕನವ್ವ. ಆದ್ರೆ ಈಸ್ಕಂಡು ಮಡಿಕತಿದ್ಲು" ಅಂದಳು. ಡಬ್ಬಿಯನ್ನು ಸೆರಗಿನೊಳಗೆ ಸೇರಿಸಿಕೊಂಡು ಮೆಟ್ಟಿಲಿಳಿದಳು.

ಯೇಸುವಿನ ಶಿಷ್ಯ ಸಂತ ರಾಯಪ್ಪರು ಹೆದರಿ ತಮ್ಮ ಗುರುವನ್ನೇ ಅರಿಯೆನೆಂದಾಗ ನೆನಪಿಸುವುದಕ್ಕೆ ಒಂದು ಕೋಳಿಯಾದರೂ ಕೂಗಿತ್ತು. ನನಗೆ ಅದೂ ಇರಲಿಲ್ಲ. ಅವತ್ತು ನಮ್ಮ ಬೀದಿಯ ಕೋಳಿಗಳೆಲ್ಲ ಸಾರಿನೊಳಗಿದ್ದವು. ಕೂಟ ಮುಗಿದ ಮೇಲೆ ಹೆಂಗಸರು ನನ್ನ ಕೈ ಕುಲುಕಿ, ಎಂಥ ದೃಢ ವಿಶ್ವಾಸ ಟೀಚರ್ ಅಂದರು. ನಾನು ತಲೆ ತಗ್ಗಿಸಿ, ಎಲ್ಲ ದೇವರ ಕೃಪೆ ಅಂದೆ. ಈಗ ನೆನೆದರೆ ಮೈಯೆಲ್ಲ ಹಿಡಿಯಷ್ಟಾಗುತ್ತದೆ.

ನಾಲ್ಕನೇ ದಿನಕ್ಕೆ ಪುಟ್ಟತಾಯಮ್ಮನಿಗೆ ಜ್ವರ ಬಂದು ಶ್ರೀರಂಗಪಟ್ಟಣದ ಆಸ್ಪತ್ರೆಗೆ ಸೇರಿಸಿದರು. ತೊಡಕಿನ ದಿನ ಬಾಡು ವಾಪಸ್ಸು ಬಂತಲ್ಲ, ಇನ್ನೇನಾಗುತ್ತೆ ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ಕಿವಿಗೆ ಬಿತ್ತು. ಶಕುನಗಳನ್ನು ನಂಬಬಾರದೆಂದು ಕೂಟದಲ್ಲಿ ಪಾಠ ಹೇಳಿದವಳು ನಾನು. ಆದರೂ ಅವಳಿಗೇನಾದರೂ ಆದರೆ ಆ ಪಾಪ ನನ್ನ ಮೇಲೆ ಅನ್ನುವ ಭಯ ಎದೆಯಲ್ಲಿ ಕೂತುಬಿಟ್ಟಿತು. ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಹೋದೆ. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ಗೋಡೆಯ ಕಡೆ ಮುಖ ಮಾಡಿಕೊಂಡೇ, "ನಿಮ್ಮಬ್ಬ ಎಂದವ್ವ?" ಎಂದು ಕೇಳಿದಳು. ಇನ್ನೂ ಹದಿನೈದು ದಿನ ಇದೆ ಅಂದೆ. ಹೂಂ ಅಂದು ಕಣ್ಣು ಮುಚ್ಚಿದಳು. ಜ್ವರದಲ್ಲಿ ಏನೋ ಕೇಳಿದಳು ಅಂದುಕೊಂಡೆ.

ಎರಡು ದಿನಕ್ಕೆ ಮನೆಗೆ ಬಂದಳು. ಮಾತು ಬಿಡಲಿಲ್ಲ, ಮೊದಲಿನ ಹಾಗೆ ಮಾತಾಡಲೂ ಇಲ್ಲ. ಹಿತ್ತಲ ಗೋಡೆಗೆ ಬಂದು ಕರಿಬೇವು ಕೇಳುವುದು ನಿಂತಿತು. ನಾನು ಪಾಸ್ಕದ ಮುಂಚೆ ಪಾಪನಿವೇದನೆಗೆ ಹೋಗಿ ಕೋಪ, ಚಾಡಿ, ಸೋಮಾರಿತನ ಎಲ್ಲ ಹೇಳಿದೆ. ಡಬ್ಬಿಯ ವಿಷಯ ಹೇಳಲಿಲ್ಲ, ಏಕೆಂದರೆ ಇಡೀ ಕೂಟ ಅದನ್ನು ನನ್ನ ಪುಣ್ಯದ ಪಟ್ಟಿಯಲ್ಲಿ ಬರೆದಾಗಿತ್ತು.

ಪಾಸ್ಕದ ಭಾನುವಾರ ಪೂಜೆಯಿಂದ ಬಂದೆ. ಒಲೆಯ ಮೇಲೆ ಎರಡು ಮೊಳೆ, ನಡುವೆ ಏನೂ ಇಲ್ಲ. ಅವ್ವ ಈ ಮನೆಗೆ ಬಂದಂದಿನಿಂದ ಪಾಸ್ಕದ ಬೆಳಿಗ್ಗೆ ಅಲ್ಲಿ ಖಾಲಿ ಇದ್ದದ್ದೇ ಇಲ್ಲ. ಅಂಗಡಿಯಿಂದ ಕೋಳಿ ತಂದು ಸಾರು ಮಾಡಿದೆ, ಪಾತ್ರೆ ತೊಳೆದು ತುಂಬಿಕೊಂಡೆ, ಬೀದಿ ಸುತ್ತಿಕೊಂಡು ಅವಳ ಮನೆಗೆ ಹೋದೆ. ಬೇಡ ಅಂದುಬಿಟ್ಟಾಳೆಂದು ದಾರಿಯುದ್ದಕ್ಕೂ ಹೆದರಿದ್ದೆ. ಬೇಡ ಅನ್ನುವುದಕ್ಕೆ ಅವಳಿಗೆ ಎಲ್ಲ ಹಕ್ಕೂ ಇತ್ತು.

ಪುಟ್ಟತಾಯಮ್ಮ ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಪಾತ್ರೆ ಮುಂದಿಟ್ಟೆ.

"ದೊಡ್ಡವ್ವ, ನಂದು ತಪ್ಪಾಯ್ತು" ಅಂದೆ.

"ಆಗ್ದೆ ಇನ್ನೇನು. ಓದ್ದೋಳು ನೀನು" ಅಂದಳು. ಮುಚ್ಚಳ ಸರಿಸಿ ಮೂಸಿ ನೋಡಿ, "ಅಂಗ್ಡಿ ಕೋಳಿ" ಎಂದು ಮುಖ ಸಿಂಡರಿಸಿದಳು. ಆದರೂ ಪಾತ್ರೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಸೊಸೆಯನ್ನು ಕೂಗಿ, ಅದ ತಕೊಬಾ ಅಂದಳು.

ಸೊಸೆ ತಂದದ್ದು ಅದೇ ಸ್ಟೀಲ್ ಡಬ್ಬಿ. ಒಳಗೆ ಬಾಳೆಲೆಯ ಮೇಲೆ ಸುರುಳಿ ಸುತ್ತಿದ ದಾರ, ದಾರದ ತುಂಬ ಉಪ್ಪುಕಂಡ. ಅರಿಶಿನ ಹತ್ತಿ ಹದವಾಗಿ ಒಣಗಿತ್ತು. ನಾನು ಮಾಡಿದ್ದಕ್ಕಿಂತ ಚೆನ್ನಾಗಿತ್ತು, ಅವ್ವ ಸೀಳುತ್ತಿದ್ದಂತೆಯೇ ಸೀಳಿದ್ದರು.

"ಆಸ್ಪತ್ರೆಲಿದ್ರೂ ಬುಡ್ನಿಲ್ಲ ಕಣಕ್ಕ" ಅಂದಳು ಸೊಸೆ. "ಬಿಸ್ಲಿಗಾಕುದ್ರಾ, ತೆಗುದ್ರಾ, ಕಾಗೆ ನೋಡ್ಕಂಡ್ರಾ ಅಂತ ಒಂದೇ ಸಮ ಫೋನು. ಮೊಮ್ಮಕ್ಳು ಒಂದ್ ತುಂಡು ಕೇಳುದ್ರೂ ಕೊಡ್ನಿಲ್ಲ. ಅವುರಬ್ಬದವರ್ಗೂ ಯಾರೂ ಮುಟ್ಬಾರ್ದು ಅಂದ್ಬುಟ್ರು."

"ಚೌರಿ ಪಾಲು ಅದು" ಅಂದಳು ಪುಟ್ಟತಾಯಮ್ಮ. "ಅವ್ಳು ಇಲ್ಲ ಅಂತ ನಾವು ತಿನ್ಕಳಕಾದದಾ?"

ನಮ್ಮ ಬೀದಿಯಲ್ಲಿ ಆ ವರ್ಷ ತಪಸ್ಸುಕಾಲವನ್ನು ಕೊನೆಯ ದಿನದವರೆಗೂ ನೆಟ್ಟಗೆ ಕಾದವಳು ಒಬ್ಬಳೇ ಒಬ್ಬಳು. ಅವಳ ಹಣೆಯ ಮೇಲೆ ಕುಂಕುಮವಿತ್ತು, ಅವಳ ಹತ್ತಿರ ವಾಟ್ಸಾಪೂ ಇರಲಿಲ್ಲ. ನಾನು ಅಲ್ಲೇ ಜಗುಲಿಯ ಮೇಲೆ ಕೂತು ಅತ್ತೆ. ಅವಳು, "ಇವತ್ತೂ ಅಬ್ಬ ಅಲ್ವಾ, ಅಳಬ್ಯಾಡ" ಅಂದಳು.

ಎದ್ದು ಹೊರಟಾಗ ಹಿಂದಿನಿಂದ ಕೂಗಿದಳು.

"ರೀಟವ್ವ. ಮುಂದಿನ್ ಸರ್ತಿ ನೀನೇ ಒಣಗಾಕ್ಕೊ. ಈ ವಯಸ್ನಲ್ಲಿ ಕಾಗೆ ಓಡ್ಸೋಕೆ ನನ್ ಕೈಲಾಗಕಿಲ್ಲ."

ಇಷ್ಟನ್ನೂ ಮಂಜನಿಗೆ ಹೇಳಲು ಹೋದರೆ ಅವನ ಡಬ್ಬದಲ್ಲಿದ್ದ ಬಣ್ಣ ಒಣಗಿಹೋಗುತ್ತಿತ್ತು. ಮೊಳೆ ಬಿಟ್ಟು ಅದರ ಸುತ್ತ ಬಳಿಯಪ್ಪ ಅಂದೆ. ಗೊಣಗಿಕೊಂಡೇ ಬಳಿದು ಹೋದ. ಯುಗಾದಿ ಹತ್ತಿರ ಬಂತು. ಮಾಳಿಗೆ ಗುಡಿಸಿಟ್ಟಿದ್ದೇನೆ, ಈಗ ಒಂದು ಒಳ್ಳೆಯ ಹುಣಸೆಕೋಲು ಹುಡುಕುತ್ತಿದ್ದೇನೆ.